ಬಿಲ್ಲೂ ಕಟ್ಟಿ, ಬಾಟಲಿಯೂ ಕೊಂಡು

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ ಅಮೆರಿಕದ ಹಣ್ಣು, ತರಕಾರಿ, ಬಾದಾಮಿಗಳ ಕಣಜ. ಅಲ್ಲಿನ ಕೃಷಿ ಕೂಲಿಗಳಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಅವರ ಸಣ್ಣ ಊರುಗಳು ಕುಡಿಯಲು ನೆಚ್ಚಿರುವುದು ಅಂತರ್ಜಲವನ್ನು. ದಶಕಗಳಿಂದ ಹೊಲಕ್ಕೆ ಸುರಿದ ಸಾರಜನಕ ಗೊಬ್ಬರ, ಬೃಹತ್ ಹೈನುಶಾಲೆಗಳ ಸಗಣಿ-ಗಂಜಲ ಮಣ್ಣಿಗಿಳಿದು ಆ ನೀರಿಗೆ ನೈಟ್ರೇಟ್ ಸೇರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಹಸುಗೂಸುಗಳಲ್ಲಿ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಮೈ ನೀಲಿಗಟ್ಟಿ ಜೀವಕ್ಕೇ ಅಪಾಯವಾಗಬಹುದು.

ಶುದ್ಧೀಕರಿಸುವ ತಂತ್ರಜ್ಞಾನವಿದೆ, ಅಡ್ಡಿಯಾಗಿರುವುದು ವೆಚ್ಚ. ಮಹಾನಗರದಲ್ಲಿ ಲಕ್ಷಾಂತರ ಮನೆಗಳಿಗೆ ಹಂಚಿಹೋಗುವ ಖರ್ಚನ್ನು ಇಲ್ಲಿ ನೂರೋ ಇನ್ನೂರೋ ಮನೆಗಳು ಹೊರಬೇಕು. ಘಟಕ ಕಟ್ಟಲು ಅನುದಾನ ಸಿಕ್ಕರೂ ವಿದ್ಯುತ್, ರಾಸಾಯನಿಕ, ಸಿಬ್ಬಂದಿಯ ಖರ್ಚು ಪ್ರತಿವರ್ಷ ಬರುತ್ತದೆ. ಹೀಗಾಗಿ ಬಡ ಕುಟುಂಬಗಳು ಕುಡಿಯಲಾಗದ ನಲ್ಲಿನೀರಿಗೆ ಬಿಲ್ ಕಟ್ಟಿ, ಮತ್ತೆ ಬಾಟಲಿ ನೀರು ಕೊಳ್ಳುತ್ತವೆ. ಕೆಡಿಸಿದವರೊಬ್ಬರು, ದಂಡ ತೆರುವವರು ಇನ್ನೊಬ್ಬರು, ಇದು ಅನ್ಯಾಯ.

ಶುದ್ಧ ನೀರು ಕೈಗೆಟಕುವ ದರದಲ್ಲಿ ಸಿಗುವುದು ಪ್ರತಿಯೊಬ್ಬರ ಹಕ್ಕೆಂದು ಕ್ಯಾಲಿಫೋರ್ನಿಯಾ 2012ರಲ್ಲಿ ಕಾನೂನು ಮಾಡಿತು. ಆದರೆ ಅದರೊಂದಿಗೆ ಹಣ ಬರಲಿಲ್ಲ. 2019ರ ಕಾಯ್ದೆ ವರ್ಷಕ್ಕೆ 13 ಕೋಟಿ ಡಾಲರ್‌ವರೆಗಿನ ನಿಧಿಯನ್ನು 2030ರವರೆಗೆ ಗೊತ್ತುಮಾಡಿತು. ಅದನ್ನು ಘಟಕಗಳ ನಿರ್ವಹಣೆಗೂ ಬಳಸಬಹುದೆಂಬುದೇ ಅದರ ಹೆಚ್ಚುಗಾರಿಕೆ. ಸಣ್ಣ ನೀರು ಪೂರೈಕೆ ಜಾಲವನ್ನು ಹತ್ತಿರದ ದೊಡ್ಡ ಜಾಲಕ್ಕೆ ಸೇರಿಸುವಂತೆ ಆದೇಶಿಸುವ ಅಧಿಕಾರ 2015ರಿಂದ ರಾಜ್ಯ ಜಲಮಂಡಳಿಗಿದೆ. ಪೈಪು ಎಳೆಯುವ ದೂರ ಕಡಿಮೆಯಿದ್ದಲ್ಲಿ ಬಾಳಿಕೆಯ ಪರಿಹಾರ ಇದೇ. ಸ್ವಂತ ಕೊಳವೆಬಾವಿ ನೆಚ್ಚಿದ ಒಂಟಿಮನೆಗಳಿಗೆ ಬಾಟಲಿ ನೀರು ತಲುಪಿಸುವುದು, ಅಡುಗೆಮನೆಗೆ ಫಿಲ್ಟರ್ ಕೂರಿಸುವುದು ಸದ್ಯದ ದಾರಿ.