ಬಿದ್ದವರು ಹೇಳಲಾರರು, ಕಂಡವರನ್ನು ಕೇಳುವವರಿಲ್ಲ

ಎಚ್ಚರ ತಪ್ಪಿ ಬೀಳುವುದನ್ನು ಹೇಳಲು ಕನ್ನಡದಲ್ಲಿ ಮಾತುಗಳ ಕೊರತೆಯಿಲ್ಲ. ಬವಳಿ ಬಂತು, ಕಣ್ಣು ಕತ್ತಲೆಗಟ್ಟಿತು, ತಲೆ ಸುತ್ತಿತು, ಪ್ರಜ್ಞೆ ಹೋಯಿತು ಎನ್ನುತ್ತೇವೆ. ಇವುಗಳ ನಡುವೆ ‘ಮೂರ್ಛೆ’ ಎಂಬ ಒಂದು ಪದ ಮಾತ್ರ ಎರಡು ದೋಣಿಗಳಲ್ಲಿ ಕಾಲಿಟ್ಟು ನಿಂತಿದೆ. ಪೌರಾಣಿಕ ನಾಟಕದಲ್ಲಿ ಕೆಟ್ಟ ಸುದ್ದಿ ಕೇಳಿ ರಾಣಿ ಕುಸಿದರೆ ಅದು ಮೂರ್ಛೆ. ಮಿದುಳಿನ ಕಾಯಿಲೆಯಿಂದ ಕೈಕಾಲು ಸೆಳೆದು ಬಿದ್ದರೆ ಅದು ಮೂರ್ಛೆರೋಗ. ಹೃದಯದ ಲಯ ತಪ್ಪಿ, ಕೆಲವು ಕ್ಷಣ ಮಿದುಳಿಗೆ ರಕ್ತ ಸಿಗದೆ ಬಿದ್ದವರಿಗೆ ನಮ್ಮ ಆಡುಮಾತಿನಲ್ಲಿ ಪ್ರತ್ಯೇಕ ಹೆಸರೇ ಇಲ್ಲ. ಅಂಥವರ ಕೈಗೂ ಬೀಗದ ಕೈ ಗೊಂಚಲು ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ಎದ್ದು ಕುಳಿತ ಮೇಲೆ ‘ಫಿಟ್ಸ್’ ಎಂಬ ಹಣೆಪಟ್ಟಿ ಅಂಟಿಸಿ ಕಳುಹಿಸುವುದು ರೂಢಿ.

ನಮ್ಮ ಹತ್ತಿರದ ಬಂಧುಗಳ ಮಗಳೊಬ್ಬಳ ವಿಷಯದಲ್ಲಿ ಆದದ್ದೂ ಇದೇ. ಹನ್ನೆರಡನೆಯ ವಯಸ್ಸಿನಲ್ಲಿ ಆಕೆ ಶಾಲೆಯ ಮೈದಾನದಲ್ಲಿ ಬಿದ್ದಳು. ಬಿಸಿಲಿತ್ತು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಎಂಬ ಎರಡು ಕಾರಣಗಳು ಕೂಡಲೇ ದೊರೆತವು. ಎಂಟು ತಿಂಗಳ ಅನಂತರ ಬಸ್ಸು ಹಿಡಿಯಲು ಓಡುತ್ತಿದ್ದವಳು ಬಿದ್ದು ಗದ್ದ ಸೀಳಿಕೊಂಡಳು. ಕೈಕಾಲು ಅದುರಿದ್ದನ್ನು ಈ ಸಲ ಹಲವರು ಕಂಡಿದ್ದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಮಿದುಳಿನ ಸ್ಕ್ಯಾನ್ ಆಯಿತು, ಇಇಜಿ ಆಯಿತು. ಎರಡರಲ್ಲೂ ಏನೂ ಸಿಗಲಿಲ್ಲ. ಆದರೂ ಅಪಸ್ಮಾರದ ಮಾತ್ರೆ ಶುರುವಾಯಿತು. ಇಸಿಜಿಯನ್ನೂ ತೆಗೆದಿದ್ದರು. ಅದರ ಮೇಲ್ತುದಿಯಲ್ಲಿ ಯಂತ್ರವೇ ‘ನಾರ್ಮಲ್’ ಎಂದು ಅಚ್ಚುಹಾಕಿ ಕೊಟ್ಟಿತ್ತು. ಮನೆಯಲ್ಲಿ ಅಜ್ಜಿ ದೃಷ್ಟಿ ನಿವಾಳಿಸಿದರು, ಯಾರೋ ಹೇಳಿದ ದೇವರಿಗೆ ಮುಡಿಪು ಕಟ್ಟಿದರು. ನಾಳೆ ಮದುವೆಯಾಗಬೇಕಾದ ಹುಡುಗಿ, ಹೊರಗೆ ಬಾಯಿ ಬಿಡಬೇಡಿ ಎಂಬ ಅಪ್ಪಣೆಯೂ ಆಯಿತು. ಒಂದೂವರೆ ವರ್ಷ ಮಾತ್ರೆ ನುಂಗಿದ ಮೇಲೆ, ಖೋ-ಖೋ ಆಡುವಾಗ ಮೂರನೆಯ ಸಲ ಬಿದ್ದಳು.

ಆ ದಿನದಿಂದ ಹುಡುಗಿಯ ತಾಯಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟರು. ತಾರೀಖು, ಹೊತ್ತು, ಆಗ ಏನು ಮಾಡುತ್ತಿದ್ದಳು, ಯಾರು ಕಂಡರು, ಮುಖ ಕೆಂಪಗಿತ್ತೋ ಬಿಳಿಚಿಕೊಂಡಿತ್ತೋ, ಎಷ್ಟು ಹೊತ್ತಿಗೆ ಎದ್ದಳು, ಎದ್ದಾಗ ಮೊದಲು ಆಡಿದ ಮಾತೇನು. ದೈಹಿಕ ಶಿಕ್ಷಕರನ್ನು, ಬಸ್ಸಿನ ಕಂಡಕ್ಟರನ್ನು, ಜೊತೆಯ ಹುಡುಗಿಯರನ್ನು ಒಬ್ಬೊಬ್ಬರಾಗಿ ಕಂಡು ಕೇಳಿದರು. ಎಲ್ಲರ ಮಾತೂ ಒಂದೇ ಕಡೆಗೆ ಬೆರಳು ತೋರಿತು. ಹುಡುಗಿ ಬಿದ್ದದ್ದು ಓಡಿ ನಿಂತ ಮೇಲಲ್ಲ, ಓಡುತ್ತಿರುವಾಗ. ಮೊದಲು ಬಟ್ಟೆಯ ಗೊಂಬೆಯಂತೆ ಕುಸಿದಳು, ಅದುರಿದ್ದು ಆಮೇಲೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಿಮಿಷದೊಳಗೆ ಎದ್ದು ‘ಚಪ್ಪಲಿ ಎಲ್ಲಿ’ ಎಂದು ಕೇಳಿದ್ದಳು. ಆಸ್ಪತ್ರೆಯ ಕಡತದಲ್ಲಾದರೋ ‘ಓಡಿದ ನಂತರ’ ಎಂದು ಬರೆದಿತ್ತು. ಇದನ್ನು ತಿದ್ದಲು ಹೋದಾಗಲೆಲ್ಲ ಆ ತಾಯಿಗೆ ಸಿಕ್ಕ ಉತ್ತರ, ‘ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ.’

‘ಓಡುವಾಗ’ ಮತ್ತು ‘ಓಡಿದ ಮೇಲೆ’ ಎಂಬುದರ ನಡುವಿನ ಅಂತರ ವ್ಯಾಕರಣದ್ದಲ್ಲ. ಬವಳಿ ಬಂದು ಬೀಳುವವರಲ್ಲಿ ಹೆಚ್ಚಿನವರದು ನಿರಪಾಯದ ಬೀಳು. ಪ್ರಾರ್ಥನೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಾಗ, ರಕ್ತ ಕಂಡಾಗ, ಸೂಜಿ ಚುಚ್ಚಿದಾಗ, ಓಟ ಮುಗಿಸಿ ಥಟ್ಟನೆ ನಿಂತಾಗ ರಕ್ತದ ಒತ್ತಡ ಇಳಿದು, ಹೃದಯದ ಬಡಿತ ನಿಧಾನವಾಗಿ ಮನುಷ್ಯ ಕುಸಿಯುತ್ತಾನೆ. ಅದಕ್ಕೆ ಮುಂಚೆ ಬೆವರು, ವಾಕರಿಕೆ, ಕಣ್ಣು ಮಂಜಾಗುವುದು ಮುಂತಾದ ಸೂಚನೆಗಳಿರುತ್ತವೆ. ಅಂಥವರು ಭಯಪಡಬೇಕಾಗಿಲ್ಲ; ಕಾಲು ಮೇಲೆತ್ತಿ ಮಲಗಿಸಿದರೆ ಸಾಕು. ಆದರೆ ಓಟದ ನಡುವೆ, ಈಜಿನ ನಡುವೆ, ಮಲಗಿದ್ದಾಗ, ಅಥವಾ ಫೋನಿನ ಗಂಟೆ ಥಟ್ಟನೆ ಬಡಿದಾಗ ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪುವವರ ವಿಷಯ ಬೇರೆ. ಅವರ ಹೃದಯವನ್ನು ನೋಡದೆ ಮನೆಗೆ ಕಳುಹಿಸುವಂತಿಲ್ಲ.

ಕೈಕಾಲು ಅದುರಿತಲ್ಲ, ಅದು ಅಪಸ್ಮಾರವೇ ಅಲ್ಲವೇ ಎಂದು ಕೇಳಬಹುದು. 1994ರಲ್ಲಿ ಜರ್ಮನಿಯ ಥಾಮಸ್ ಲೆಂಪರ್ಟ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರನ್ನು ಬೇಕೆಂದೇ ಎಚ್ಚರ ತಪ್ಪಿಸಿ ವಿಡಿಯೊ ಚಿತ್ರೀಕರಿಸಿದರು. ಪೂರ್ತಿ ಪ್ರಜ್ಞೆ ತಪ್ಪಿದ 42 ಮಂದಿಯಲ್ಲಿ ಶೇ 90ರಷ್ಟು ಜನರ ಕೈಕಾಲು ಅದುರಿದ್ದವು. ಯಾರಿಗೂ ಅಪಸ್ಮಾರವಿರಲಿಲ್ಲ. ರಕ್ತ ಸಿಗದ ಮಿದುಳು ಹಾಗೆ ಒದ್ದಾಡುತ್ತದೆ, ಅಷ್ಟೆ. ಅದುರಿತೇ ಎಂದಲ್ಲ, ಕುಸಿದದ್ದು ಮೊದಲೋ ಅದುರಿದ್ದು ಮೊದಲೋ, ಎದ್ದ ಮೇಲೆ ಎಷ್ಟು ಹೊತ್ತು ಮಂಕು ಕವಿದಿತ್ತು, ನಾಲಿಗೆಯ ಪಕ್ಕ ಕಚ್ಚಿತ್ತೇ ಎಂದು ಕೇಳಬೇಕು. ಇವಕ್ಕೆ ಉತ್ತರಿಸುವುದು ಬಿದ್ದವರಿಂದ ಸಾಧ್ಯವಿಲ್ಲ. ಕಂಡವರೇ ಹೇಳಬೇಕು.

ನೋಟ್‌ಬುಕ್ಕನ್ನು ಪೂರ್ತಿ ಓದಿದ ವೈದ್ಯರೊಬ್ಬರು ಕೊನೆಗೆ ಸಿಕ್ಕರು. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರು ಯಾರಾದರೂ ಇದ್ದಾರೆಯೇ?’ ತಾಯಿ ತಡವರಿಸಿದರು. ಅವರ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಊರಿನ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದ ಹುಡುಗ. ಕೆರೆ ಬಲಿ ತೆಗೆದುಕೊಂಡಿತು ಎಂದು ಊರು ತೀರ್ಮಾನಿಸಿ ಸುಮ್ಮನಾಗಿತ್ತು. ವೈದ್ಯರು ಹಳೆಯ ಇಸಿಜಿಯನ್ನೇ ಮೇಜಿನ ಮೇಲೆ ಹರಡಿ, ಗೆರೆಗಳ ನಡುವಿನ ಚೌಕಗಳನ್ನು ಕೈಯಿಂದ ಎಣಿಸಿದರು. ಸಾಮಾನ್ಯವಾಗಿ 460 ಮಿಲಿಸೆಕೆಂಡಿನೊಳಗೆ ಇರಬೇಕಾದ ಅವಧಿ, ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ, 480ನ್ನು ಮುಟ್ಟಿತ್ತು. ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಅದು ಇನ್ನೂ ಸ್ಪಷ್ಟವಾಯಿತು.

ಆ ಅವಧಿಗೆ ‘ಕ್ಯೂಟಿ’ ಎಂದು ಹೆಸರು, ಕಾಯಿಲೆಗೆ ‘ಲಾಂಗ್ ಕ್ಯೂಟಿ’. ಹೃದಯದ ಪ್ರತಿಯೊಂದು ಬಡಿತದಲ್ಲೂ ವಿದ್ಯುತ್ ಹರಿದು, ಮುಂದಿನ ಬಡಿತಕ್ಕೆ ಸ್ನಾಯು ಮತ್ತೆ ಸಿದ್ಧವಾಗಬೇಕು. ಜೀವಕೋಶದ ಗೋಡೆಯಲ್ಲಿ ಲವಣಾಂಶಗಳು ಒಳಹೊರಗೆ ಹಾಯುವ ಬಾಗಿಲುಗಳಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಈ ಸಿದ್ಧತೆ ತಡವಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಪ್ರಚೋದನೆ ನುಗ್ಗಿದರೆ ಲಯ ಕೆಟ್ಟು, ಹೃದಯ ರಕ್ತವನ್ನು ತಳ್ಳದೆ ಬರೀ ಕಂಪಿಸುತ್ತದೆ. ಎಷ್ಟೋ ಸಲ ಅದು ತಾನಾಗಿ ಸರಿಹೋಗುತ್ತದೆ. ಬಿದ್ದವರು ಎದ್ದು ಮೈ ಕೊಡವಿಕೊಂಡು ನಡೆಯುತ್ತಾರೆ. ಸರಿಹೋಗದಿದ್ದರೆ ಕೆರೆಯ ದಡದಲ್ಲಿ ಬಟ್ಟೆ ಮಾತ್ರ ಉಳಿಯುತ್ತದೆ. ಸುಮಾರು 2,000 ಜನರಲ್ಲಿ ಒಬ್ಬರಿಗೆ ಇರಬಹುದಾದ ಕಾಯಿಲೆ ಇದು. ಈ ಹುಡುಗಿಗೆ ದಿನವೂ ನುಂಗುವ ಬೀಟಾ ಬ್ಲಾಕರ್ ಮಾತ್ರೆ ಸಾಕಾಯಿತು. ಆಕೆಯ ಬಗೆಯ ದೋಷಕ್ಕೆ ಅದು ಚೆನ್ನಾಗಿ ನಾಟುತ್ತದೆ. ಅಪಸ್ಮಾರದ ಮಾತ್ರೆ ನಿಂತಿತು. ಮನೆಮಂದಿಗೆಲ್ಲ ಇಸಿಜಿ ಮಾಡಿದಾಗ ತಾಯಿಯಲ್ಲೂ ಕಿರಿಯ ಮಗನಲ್ಲೂ ಅದೇ ದೋಷ ಕಂಡಿತು.

ಜೊತೆಗೆ, ನುಂಗಬಾರದ ಮಾತ್ರೆಗಳ ಒಂದು ಪಟ್ಟಿಯೂ ಕೈಗೆ ಬಂತು. ಎರಿತ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು ಅದರಲ್ಲಿವೆ. ವಾಂತಿಗೆ ಕೊಡುವ ಡೊಂಪೆರಿಡೋನ್ ಇದೆ. ಹೊಟ್ಟೆಯುಬ್ಬರಕ್ಕೆಂದು ಆಮ್ಲಶಾಮಕದೊಡನೆ ಬೆರೆಸಿದ ಇದೇ ಡೊಂಪೆರಿಡೋನನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ಪ್ರಸಾದದಂತೆ ಹಂಚಿಕೊಳ್ಳುವ ನಾಡು ನಮ್ಮದು. ಐರೋಪ್ಯ ಔಷಧ ನಿಯಂತ್ರಕರು ಹೃದಯದ ಲಯಕ್ಕೆ ಅಪಾಯವಿದೆಯೆಂದು 2014ರಲ್ಲೇ ಅದರ ಬಳಕೆಗೆ ಮಿತಿ ಹೇರಿದ್ದರು.

ಯಂತ್ರಗಳನ್ನು ಹಳಿಯುವುದು ಇಲ್ಲಿ ಉದ್ದೇಶವಲ್ಲ. ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಇಸಿಜಿ ಯಂತ್ರ ಕೋಣೆ ತುಂಬುವಷ್ಟಿತ್ತು. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಡೆದ ಮೊದಲ ಉಪಕರಣ ಸುಮಾರು 38 ಕಿಲೊ ತೂಗುತ್ತಿತ್ತು. ಇಂದು ಚರ್ಮದಡಿ ಕೂರಿಸುವ ಲೂಪ್ ರೆಕಾರ್ಡರ್ ಬೆರಳಿಗಿಂತ ಕಿರಿದು, ವರ್ಷಗಟ್ಟಲೆ ಕಾವಲು ಕಾಯುತ್ತದೆ. ಆದರೆ ಸಾಮಾನ್ಯ ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಬದುಕನ್ನು, ಹೋಲ್ಟರ್ ಒಂದೆರಡು ದಿನವನ್ನು. ವರ್ಷಕ್ಕೆ ಎರಡೇ ಸಲ ಬರುವ ಕಳ್ಳನಿಗಾಗಿ ಒಂದು ರಾತ್ರಿ ಕಾವಲಿದ್ದು, ಕಳ್ಳನಿಲ್ಲ ಎಂದು ಷರಾ ಬರೆದಂತೆ ಇದು. ಯಾವ ಯಂತ್ರವನ್ನು ಎಷ್ಟು ದಿನ ಕಟ್ಟಬೇಕು ಎಂಬುದನ್ನು ನಿರ್ಧರಿಸಲಿಕ್ಕೂ ಮೊದಲು ಆ ಮೂರು ಬೀಳುಗಳ ಕಥೆ ಬೇಕು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಬಿದ್ದವರನ್ನು ನೋಡಿಕೊಳ್ಳಲು ಒಬ್ಬರಿದ್ದಾಗ ಇನ್ನೊಬ್ಬರು ಅರ್ಧ ನಿಮಿಷ ಚಿತ್ರೀಕರಿಸಿದರೆ, ಸಂಕೋಚವೆನಿಸಿದರೂ, ವೈದ್ಯರಿಗೆ ಅದರಿಂದ ದೊಡ್ಡ ಉಪಕಾರ.

ಮನೆಯವರ ಹಟದಿಂದ ವೈದ್ಯಕೀಯವೇ ಮುಂದೆ ಸರಿದದ್ದೂ ಉಂಟು. ಸ್ವೀಡನ್ನಿನ ಆರ್ನೆ ಲಾರ್ಸನ್ ಸೋಂಕಿನಿಂದ ಹೃದಯದ ವಿದ್ಯುನ್ಮಾರ್ಗ ಕೆಟ್ಟು ದಿನಕ್ಕೆ ಇಪ್ಪತ್ತು-ಮೂವತ್ತು ಸಲ ಎಚ್ಚರ ತಪ್ಪುತ್ತಿದ್ದರು. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮೈಯೊಳಗೆ ಕೂರಿಸುವ ಪೇಸ್‌ಮೇಕರಿನ ಪ್ರಯೋಗದಲ್ಲಿದ್ದರು, ಮನುಷ್ಯರಿಗೆ ಅಳವಡಿಸುವಂಥದ್ದು ಸಿದ್ಧವಿರಲಿಲ್ಲ. ಲಾರ್ಸನ್ನರ ಪತ್ನಿ ಎಲ್ಸ್-ಮರಿ ಅವರಿಬ್ಬರ ಬೆನ್ನು ಬಿಡಲಿಲ್ಲ. 1958ರ ಅಕ್ಟೋಬರ್ 8ರಂದು ಅಳವಡಿಸಿದ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡು, ವೈದ್ಯರನ್ನೂ ಎಂಜಿನಿಯರನ್ನೂ ಮೀರಿ ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕಂಡವರ ಮಾತಿಗೆ ಬೆಲೆ ಎಷ್ಟು ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿಯೊಂದು ಜರ್ಮನಿಯದು. 1856ರಲ್ಲಿ ಲೈಪ್‌ಜಿಗ್‌ನ ಫ್ರೆಡ್ರಿಕ್ ಮೈಸ್ನರ್ ಎಂಬ ವೈದ್ಯ ದಾಖಲಿಸಿದ ಘಟನೆ ಅದು. ಹುಟ್ಟುಕಿವುಡಿ ಬಾಲೆಯೊಬ್ಬಳನ್ನು ಸಣ್ಣ ತಪ್ಪಿಗಾಗಿ ಶಾಲೆಯ ಮುಖ್ಯಸ್ಥರ ಮುಂದೆ ನಿಲ್ಲಿಸಿದಾಗ ಅಲ್ಲಿಯೇ ಕುಸಿದು ಸತ್ತಳು. ತಂದೆತಾಯಿಗೆ ಸುದ್ದಿ ಹೋದಾಗ ಅವರು ಅಚ್ಚರಿಪಡಲಿಲ್ಲ. ಅವರ ಇನ್ನಿಬ್ಬರು ಮಕ್ಕಳು, ಒಬ್ಬ ಬೆಚ್ಚಿಬಿದ್ದು, ಮತ್ತೊಬ್ಬ ಸಿಟ್ಟಿನ ಭರದಲ್ಲಿ, ಹೀಗೆಯೇ ಹೋಗಿದ್ದರು. ನೂರು ವರ್ಷದ ಮೇಲೆ, 1957ರಲ್ಲಿ, ನಾರ್ವೆಯ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್ ಕಿವುಡು ಹಾಗೂ ಉದ್ದವಾದ ಕ್ಯೂಟಿ ಜೊತೆಗೂಡಿದ ಒಂದು ಕುಟುಂಬವನ್ನು ವರ್ಣಿಸಿದರು. ಅಲ್ಲಿನ ಆರು ಮಕ್ಕಳಲ್ಲಿ ನಾಲ್ವರಿಗೆ ಈ ತೊಂದರೆ. ಮೂವರು ಎಳವೆಯಲ್ಲೇ ಸತ್ತರು.

ಇದು ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸುವ ಬಗೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಅದರ ಸಾಧ್ಯತೆ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಇಲ್ಲಿನ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದವು. ಕಿವುಡು ಮಕ್ಕಳಲ್ಲಿ ಬಹುಪಾಲು ಜನರ ಹೃದಯಕ್ಕೆ ಏನೂ ಆಗಿರುವುದಿಲ್ಲ, ನಿಜ. ಆದರೂ ಹುಟ್ಟುಕಿವುಡು ಎಂದು ಗುರುತಾದ ಪ್ರತಿಯೊಂದು ಮಗುವಿಗೆ, ಪ್ರತಿಯೊಂದು ಕಿವುಡ ಮಕ್ಕಳ ಶಾಲೆಯಲ್ಲಿ, ಒಂದು ಇಸಿಜಿ ಮಾಡಿಸಿ ಅದನ್ನು ತಿಳಿದವರಿಂದ ಓದಿಸಲು ತಗಲುವ ವೆಚ್ಚವಾದರೂ ಎಷ್ಟು? ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೂ ಇದೆ. ಇಂಥ ಕೆಲಸಕ್ಕೆ ಇದಕ್ಕಿಂತ ಅನುಕೂಲದ ಊರು ಬೇಕೇ?

ನಮ್ಮಲ್ಲಿ ಹೃದಯದ ಯೋಚನೆ ಬರುವುದು ಸಾವಿನ ಸುದ್ದಿಯ ಬೆನ್ನಿಗೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ತರುಣರು ಆಸ್ಪತ್ರೆಗಳಿಗೆ ಮುಗಿಬಿದ್ದರು. 2025ರ ಜೂನ್–ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ಬೆಳೆಯಿತು. ಅಸಹಜ ಏರಿಕೆಯೇನೂ ಇಲ್ಲವೆಂದು ತಜ್ಞರ ಸಮಿತಿ ಹೇಳಿದ ಮೇಲೆ ಸಾಲು ಕರಗಿತು. ಹಾಗೆ ಹೋದವರ ಮನಸ್ಸಿನಲ್ಲಿದ್ದದ್ದು ರಕ್ತನಾಳದ ತಡೆ, ಕೊಲೆಸ್ಟೆರಾಲ್. ಕೊಳಾಯಿ ಸರಿಯಿದ್ದ ಮಾತ್ರಕ್ಕೆ ಮನೆಯ ವೈರಿಂಗ್ ಸರಿಯಿದೆ ಎಂದಾಗುವುದಿಲ್ಲ. ಲಯದ ದೋಷ ಆ್ಯಂಜಿಯೋಗ್ರಾಮಿನಲ್ಲಿ ಕಾಣುವುದಿಲ್ಲ.

ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಕಡ್ಡಾಯಗೊಳಿಸುವುದಾಗಿ ರಾಜ್ಯ ಸರ್ಕಾರ ಅದೇ ಜುಲೈನಲ್ಲಿ ಹೇಳಿತು. ಒಳ್ಳೆಯ ಮಾತು. ಆದರೆ ವಿದ್ಯುತ್ತಿನ ದೋಷದಿಂದ ನಿಂತ ಹೃದಯವನ್ನು ಮೇಜಿನ ಮೇಲೆ ಕೊಯ್ದರೆ ಏನೂ ಸಿಗದು. ಅದು ಆರೋಗ್ಯವಂತನ ಹೃದಯದಂತೆಯೇ ಇರುತ್ತದೆ. ‘ಕಾರಣ ತಿಳಿದುಬಂದಿಲ್ಲ’ ಎಂಬ ವರದಿಯೊಡನೆ ಕಡತ ಮುಚ್ಚುತ್ತದೆ. ಆಗ ಒಂದು ಕೊಳವೆಯಷ್ಟು ರಕ್ತವನ್ನು ಜೀನ್ ಪರೀಕ್ಷೆಗೆಂದು ತೆಗೆದಿಡಬೇಕು. ಅದೂ ಆಗದಿದ್ದರೆ, ಶವಾಗಾರದ ಹೊರಗೆ ಕಾದು ನಿಂತ ತಂದೆತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರನ್ನು ಹತ್ತಿರ ಕರೆದು, ಆತ ಮುಂಚೆ ಎಂದಾದರೂ ಬಿದ್ದಿದ್ದನೇ, ನಿಮ್ಮಲ್ಲಿ ಯಾರಾದರೂ ಬೀಳುತ್ತೀರಾ ಎಂದು ಕೇಳಿ, ಅವರಿಗೆ ಅದೇ ವಾರ ಒಂದೊಂದು ಇಸಿಜಿ ಮಾಡಿಸಿ ಕಳುಹಿಸಬೇಕು.