ಗೆಲುವಿಲ್ಲದ ಆಟ

ಆಟವೆಂದೊಡನೆ ಸೋಲು-ಗೆಲುವುಗಳ ಲೆಕ್ಕ ನಮ್ಮ ಮನಸ್ಸಿಗೆ ಬರುತ್ತದೆ. ಆ ಲೆಕ್ಕವನ್ನು ಬದಿಗಿರಿಸಿ ಆಟವನ್ನೇ ಕಲೆಯಾಗಿಸಲು ಹೊರಟವರು ಜಪಾನಿನ ಒಸಾಮು ಸಾತೊ. 1960ರಲ್ಲಿ ಕ್ಯೋಟೊ ನಗರದಲ್ಲಿ ಜನಿಸಿದ ಇವರು ಚಿತ್ರಕಾರರು. ಸಂಗೀತ ಸಂಯೋಜಕರೂ ಹೌದು. ಚಿತ್ರಕ್ಕೂ ನಾದಕ್ಕೂ ಇವರು ನೆಚ್ಚಿದ ಸಾಧನ ಒಂದೇ: ಕಂಪ್ಯೂಟರು.

1994ರಲ್ಲಿ ಹೊರಬಂದ ಇವರ ‘ತೊಂಗ್ ನೌ’ ಎಂಬ ಆಟದಲ್ಲಿ ನಾಯಕ ರಿನ್ ಕಳವಾದ ತನ್ನ ಆತ್ಮವನ್ನು ಅರಸಿ ಹೊರಡುತ್ತಾನೆ. ಅಲ್ಲಿ ಮರಣವೆಂದರೆ ಸೋಲಲ್ಲ. ಸತ್ತು, ಬೇರೆ ಬೇರೆ ಜನ್ಮಗಳನ್ನು ತಾಳಿದಲ್ಲದೆ ಮುಂದಿನ ದಾರಿ ತೆರೆಯದು. ಪುನರ್ಜನ್ಮದ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಕಲ್ಪನೆ ಅಪರಿಚಿತವೇನಲ್ಲ.

1998ರ ‘ಎಲ್‌ಎಸ್‌ಡಿ’ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಕಾಶನ ಸಂಸ್ಥೆಯ ಉದ್ಯೋಗಿಯೊಬ್ಬರು ವರ್ಷಗಟ್ಟಲೆ ಬರೆದಿಟ್ಟಿದ್ದ ಕನಸುಗಳ ದಿನಚರಿಯೇ ಇದಕ್ಕೆ ಆಕರ. ಇಲ್ಲಿ ಕಾದಾಟವಿಲ್ಲ, ಗೆಲ್ಲಬೇಕಾದ ಗುರಿಯೂ ಇಲ್ಲ. ಗೋಡೆಯನ್ನೋ ಪ್ರಾಣಿಯನ್ನೋ ಮುಟ್ಟಿದರೆ ಸಾಕು, ಆಡುವವನು ಬೇರೊಂದು ನೋಟಕ್ಕೆ ಜಾರುತ್ತಾನೆ. ಹೆಚ್ಚೆಂದರೆ 10 ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ಆಗ ಜಪಾನಿನಲ್ಲಿ ಮಾತ್ರ ಮಾರಾಟವಾದ ಈ ಕೃತಿಗೆ ಮುಂದೆ ಹೊರನಾಡುಗಳಲ್ಲಿಯೂ ಅಭಿಮಾನಿಗಳು ಹುಟ್ಟಿಕೊಂಡರು.

ಏನನ್ನೂ ಗೆಲ್ಲದೆ ಮರಳಿದವನಿಗೆ ಉಳಿದದ್ದೇನು ಎಂದು ಕೇಳಬಹುದು. ಒಳ್ಳೆಯ ಭಾವಗೀತೆಯೊಂದನ್ನು ಓದಿ ಪುಸ್ತಕ ಮುಚ್ಚಿದವನಲ್ಲಿ ಉಳಿಯುವುದೇನೋ, ಅದೇ.