ಕೈಯ ಹಂಗಿಲ್ಲದೆ ಮಿದುಳಿನ ವೇಗ ಅಳೆದ ಬಗೆ

ಮೂರು ಸೆಕೆಂಡಿಗೊಂದರಂತೆ ಅಂಕಿಗಳು ಕಿವಿಗೆ ಬೀಳುತ್ತವೆ. ಮೂರು, ಆಮೇಲೆ ಐದು. ಕೇಳುತ್ತಿರುವವರು 'ಎಂಟು' ಎನ್ನಬೇಕು. ಮುಂದಿನದು ನಾಲ್ಕು. ಎಂಟಕ್ಕೆ ನಾಲ್ಕು ಕೂಡಿಸಿದರೆ ತಪ್ಪು. ಹಿಂದೆ ಕೇಳಿದ ಐದಕ್ಕೆ ಕೂಡಿಸಿ 'ಒಂಬತ್ತು' ಎನ್ನಬೇಕು. ಬಾಯಲ್ಲಿ ಈಗಷ್ಟೇ ಬಂದ ಉತ್ತರವನ್ನು ಬದಿಗೊತ್ತುತ್ತಾ ಹೀಗೆ 60 ಸಲ. ನ್ಯೂಜಿಲೆಂಡಿನ ಡೊರೊಥಿ ಗ್ರಾನ್‌ವಾಲ್ 1970ರ ದಶಕದಲ್ಲಿ ಈ 'ಪಾಸಾಟ್' ಪರೀಕ್ಷೆಯನ್ನು ಬಳಸಿದ್ದು ತಲೆಗೆ ಪೆಟ್ಟು ಬಿದ್ದವರ ಚೇತರಿಕೆ ತಿಳಿಯಲು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಬಳಿಗೆ ಅದು ಬಂದದ್ದು ಆನಂತರ.

ನರತಂತುಗಳ ಮಯಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡಹುವ ಕಾಯಿಲೆ ಇದು. ಹೊದಿಕೆ ಕಿತ್ತುಹೋದಲ್ಲಿ ಸಂಕೇತ ತಡವರಿಸುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಯೋಚನೆಯೂ ನಿಧಾನವಾಗುವುದನ್ನು ಪ್ಯಾರಿಸ್ಸಿನ ವೈದ್ಯ ಷಾರ್ಕೊ 19ನೇ ಶತಮಾನದಲ್ಲೇ ಗುರುತಿಸಿದ್ದರು. ಆದರೂ ಬಹುಕಾಲ ವೈದ್ಯರ ಕಣ್ಣು ನೆಟ್ಟಿದ್ದು ರೋಗಿಯ ನಡಿಗೆಯ ಮೇಲೆ. 1991ರಲ್ಲಿ ಅಮೆರಿಕದ ಅಧ್ಯಯನವೊಂದು ಶೇ 43ರಷ್ಟು ರೋಗಿಗಳಲ್ಲಿ ಅರಿವಿನ ತೊಂದರೆ ಕಂಡ ಮೇಲೆ ಈ ಅಸಡ್ಡೆಗೆ ನೆಪ ಉಳಿಯಲಿಲ್ಲ.

ಆದರೆ ಈ ತೊಂದರೆ ಅಳೆಯಲು ಬಳಸಿದ ಪಾಸಾಟ್, ರೋಗಿಗಳನ್ನು ಕಂಗೆಡಿಸುತ್ತಿತ್ತು. ಲೆಕ್ಕದಲ್ಲಿ ಹಿಂದಿದ್ದವರಿಗೆ ಅದು ಅನ್ಯಾಯವೇ ಸರಿ. ಒಂದು ಉತ್ತರ ಹೇಳಿ ಮುಂದಿನದನ್ನು ಬಿಟ್ಟುಬಿಡುವ ಉಪಾಯ ಹೂಡಿದವರೂ ಇದ್ದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಮನಶ್ಶಾಸ್ತ್ರಜ್ಞ ಏರನ್ ಸ್ಮಿತ್ ಇನ್ನೊಂದು ಪರೀಕ್ಷೆಯಲ್ಲಿ ಮಾಡಿದ ಸಣ್ಣ ಬದಲಾವಣೆ. ವೆಕ್ಸ್ಲರ್‌ನ ಹಳೆಯ ಬುದ್ಧಿಪರೀಕ್ಷೆಯಲ್ಲಿ ಅಂಕಿ ನೋಡಿ ಚಿಹ್ನೆ ಬರೆಯಬೇಕಿತ್ತು. ಕೈ ನಡುಗುವವರು ಅಲ್ಲೇ ಸೋಲುತ್ತಿದ್ದರು, ಮಿದುಳು ಚುರುಕಾಗಿದ್ದರೂ. ಸ್ಮಿತ್ ಅದನ್ನು ತಿರುಗುಮುರುಗು ಮಾಡಿದರು: ಚಿಹ್ನೆ ನೋಡಿ ಅಂಕಿ ಹೇಳಿ. ಚಿಹ್ನೆಯನ್ನು ಬಾಯಲ್ಲಿ ಹೇಳಲಾಗದು, ಅಂಕಿಯನ್ನು ಹೇಳಬಹುದು. ಹಾಗಾಗಿ ಪೆನ್ಸಿಲ್ಲೇ ಬೇಡವಾಯಿತು. ಹಾಳೆಯ ಮೇಲ್ತುದಿಯಲ್ಲಿ ಒಂಬತ್ತು ಚಿಹ್ನೆ, ಅವುಗಳ ಜೋಡಿ ಅಂಕಿ. ಕೆಳಗೆ ಚಿಹ್ನೆಗಳ ಸಾಲುಸಾಲು. ಕಣ್ಣು ಮೇಲೆ ಹೋಗಿ ಜೋಡಿ ಹುಡುಕಿ ಕೆಳಗೆ ಬರುತ್ತದೆ, ಮತ್ತೆ ಮೇಲೆ. ಇಷ್ಟಕ್ಕೆ 90 ಸೆಕೆಂಡು. ದೃಷ್ಟಿ ಮಂಜಾದವರಿಗೆ ಈ ಪರೀಕ್ಷೆಯೂ ತೊಡಕೇ. ಅದನ್ನು ನೆನಪಿಟ್ಟುಕೊಂಡೇ ಅಂಕ ಓದಬೇಕು.

2012ರಲ್ಲಿ ತಜ್ಞರ ಸಮಿತಿಯೊಂದು ಸೂಚಿಸಿದ, 15 ನಿಮಿಷದಲ್ಲಿ ಮುಗಿಯುವ ಪರೀಕ್ಷಾಗುಚ್ಛದಲ್ಲೂ ಇದಕ್ಕೆ ಜಾಗ ಸಿಕ್ಕಿತು. ಸುಮಾರು ನಾಲ್ಕು ಅಂಕ ಇಳಿದರೂ ಉದ್ಯೋಗದಲ್ಲಿ ಏಟು ಬೀಳುವ ಸಂಭವವಿದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಹೊರಗಿನವರ ಕಣ್ಣಿಗೆ ಸೋಮಾರಿತನದಂತೆ ಕಾಣುವ ನಿಧಾನಕ್ಕೆ ಕಡತದಲ್ಲಿ ಒಂದು ಪುರಾವೆ ಸಿಗುವುದು ಇಲ್ಲಿಯೇ. ಈ ಪರೀಕ್ಷೆಯನ್ನೋ ಇಂಥದ್ದೇ ಇನ್ನೊಂದನ್ನೋ ಆರಂಭದಲ್ಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಬೇಕೆಂದು 2018ರ ಶಿಫಾರಸು ಹೇಳುತ್ತದೆ, ಎಂಟು ವರ್ಷ ದಾಟಿದ ಮಕ್ಕಳಿಗೂ.